ಹಾಡು ಎಲ್ಲಿದೆ? – ಸೆಷನ್ ತೆರೆಯುವ ಮುನ್ನ ಎರಡು ಮಾತು

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಮಾತಿನ ಪಠ್ಯ. ಆ ದಿನ ಕೇಳಲಾಗದವರಿಗಾಗಿ ಮತ್ತು ಮತ್ತೊಮ್ಮೆ ಓದಬೇಕೆಂದು ಕೇಳಿದವರಿಗಾಗಿ ಇಲ್ಲಿ ಕೊಟ್ಟಿದ್ದೇವೆ.)



ಈ ಮಹಾನಗರದ ಗದ್ದಲದ ನಡುವೆ ಕನ್ನಡಕ್ಕೆಂದು ನಮಗೆ ಸಿಗುವುದು ಸ್ವಲ್ಪವೇ ಹೊತ್ತು. ಆ ಹೊತ್ತನ್ನು ತುಂಬುವವರು ನಾವು ಮಾತ್ರ ಅಲ್ಲ, ನೀವೂ ಹೌದು. ಡೊಂಬಿವಲಿಯಿಂದ ಒಬ್ಬರು ತಮ್ಮ ತಾಯಿಯ ಸೋಬಾನೆ ಪದ ಕಳಿಸುತ್ತಾರೆ. ಚೆಂಬೂರಿನಿಂದ ಇನ್ನೊಬ್ಬರು ಮಗಳು ಓದಿದ ಕಥೆ ಕಳಿಸುತ್ತಾರೆ. ಕೆಲವರು ಮೊಬೈಲಿನಲ್ಲೇ ಧ್ವನಿಮುದ್ರಣ ಮಾಡುತ್ತಾರೆ. ಈಗೀಗ ಮನೆಯ ಕಂಪ್ಯೂಟರಿಗೆ ಒಂದು ಮೈಕು ಜೋಡಿಸಿ, ತಂತ್ರಾಂಶ ಹಾಕಿಕೊಂಡು, ಅಚ್ಚುಕಟ್ಟಾಗಿ ಮಾಡಿ ಕಳಿಸುವವರೂ ಹೆಚ್ಚಾಗಿದ್ದಾರೆ. ಅದು ನಮಗೆ ಸಂತೋಷದ ಸಂಗತಿ.

ಮನೆಯಿಂದಲೇ ಬಾನುಲಿ ಎನ್ನುವುದು ಕನ್ನಡಿಗರಿಗೆ ಹೊಸದೂ ಅಲ್ಲ. 1935ರಲ್ಲಿ ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಪ್ರಸಾರ ಆರಂಭಿಸಿದವರು. ಅವರು ಕಲಿಸುತ್ತಿದ್ದದ್ದು ಮನಃಶಾಸ್ತ್ರ. ‘ಆಕಾಶವಾಣಿ’ ಎಂಬ ಹೆಸರು ಬಂದದ್ದು ಆ ಮೈಸೂರಿನ ಕೇಂದ್ರದಿಂದಲೇ. ಹಾಗಾಗಿ ನಿಮ್ಮ ಮನೆಯ ಮೂಲೆಯಲ್ಲೊಂದು ಸ್ಟುಡಿಯೋ ಇದ್ದರೆ ಅದೊಂದು ಒಳ್ಳೆಯ ಪರಂಪರೆಯ ಮುಂದುವರಿಕೆ ಎಂದೇ ತಿಳಿಯಿರಿ.

ಇವತ್ತು ನಾನು ಮಾತಾಡಹೊರಟಿರುವುದು ಆ ತಂತ್ರಾಂಶದ ಬಗ್ಗೆ. ಅದನ್ನು ಶುರು ಮಾಡುವುದು ಹೇಗೆ, ಅದರಲ್ಲಿ ‘ಸೆಷನ್’ ತೆರೆಯುವುದು ಹೇಗೆ ಎಂಬುದರ ಬಗ್ಗೆ. ಇದೇನು ಮಹಾ ವಿಷಯ, ಚಿತ್ರದ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ತೆರೆದುಕೊಳ್ಳುತ್ತದಲ್ಲ ಎನ್ನಬಹುದು ನೀವು. ನಾನೂ ಹಾಗೇ ಎಂದುಕೊಂಡಿದ್ದೆ. ಹಾಗೆಂದುಕೊಂಡು ಕಳೆದುಕೊಂಡದ್ದನ್ನು ಮೊದಲು ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದಿನ ಮಾತು. ಧಾರವಾಡದ ಕಡೆಯ ಒಬ್ಬ ಅಜ್ಜಿ ಮಗನ ಮನೆಗೆಂದು ಮುಂಬೈಗೆ ಬಂದು ಇಲ್ಲೇ ಉಳಿದವರು. ಅವರಿಗೆ ಬೀಸುವ ಪದಗಳು ಬಾಯಿಗೆ ಬರುತ್ತವೆ ಎಂದು ಅವರ ಮೊಮ್ಮಗ ಹೇಳಿದ. ಲ್ಯಾಪ್‌ಟಾಪು, ಮೈಕು ಹೊತ್ತುಕೊಂಡು ಹೋದೆ. ಅಜ್ಜಿ ಮೊದಲು ನಾಚಿಕೊಂಡರು, ನನಗೇನು ಬರುತ್ತದೆ ಎಂದರು. ಚಹಾ ಆಯಿತು, ಊರಿನ ಮಾತಾಯಿತು. ಆಮೇಲೆ ಕಣ್ಣು ಮುಚ್ಚಿ ಕುಳಿತು ಒಂದಾದ ಮೇಲೊಂದು ಎಂಟು ಪದ ಹಾಡಿದರು. ಒಟ್ಟು 40 ನಿಮಿಷ. ಕೆಳಗೆ ರಿಕ್ಷಾದ ಸದ್ದು, ಪಕ್ಕದ ಮನೆಯ ಕುಕ್ಕರಿನ ಸೀಟಿ ಎಲ್ಲ ಸೇರಿತ್ತು. ಆದರೂ ಹಾಡು ಹಾಡೇ.

ಮನೆಗೆ ಬಂದು ಎರಡು ರಾತ್ರಿ ಕುಳಿತು ಅದನ್ನು ತಿದ್ದಿದೆ. ಸ್ಟುಡಿಯೋಗೆ ಒಯ್ಯಬೇಕಲ್ಲ, ಸೆಷನ್ ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡೆ. ಕಣ್ಣು ಮಿಟುಕಿಸುವಷ್ಟರಲ್ಲಿ ಕಾಪಿ ಆಯಿತು. 200 ಕೆಬಿಯೂ ಇರಲಿಲ್ಲ ಅದು. ಎಷ್ಟು ಬೇಗ ಆಯಿತಲ್ಲ ಎಂದು ಖುಷಿಪಟ್ಟೆ. ಲ್ಯಾಪ್‌ಟಾಪು ತುಂಬಾ ನಿಧಾನವಾಗಿದೆ, ಎಲ್ಲ ಅಳಿಸಿ ಹೊಸದಾಗಿ ಹಾಕಿಕೊಡುತ್ತೇನೆ ಎಂದು ಮನೆಯ ಹುಡುಗ ಕೇಳಿದ. ಬೇಕಾದದ್ದೆಲ್ಲ ತೆಗೆದಿಟ್ಟಿದ್ದೇನೆ, ಅಳಿಸು ಎಂದೆ.

ಮಾರನೆಯ ದಿನ ಸ್ಟುಡಿಯೋದಲ್ಲಿ ಪೆನ್‌ಡ್ರೈವ್ ಹಾಕಿ ಸೆಷನ್ ತೆರೆದೆ. ಪರದೆಯ ಮೇಲೆ ನಾನು ಕೊಟ್ಟ ಹೆಸರುಗಳು ಇದ್ದವು, ನಾನು ಕತ್ತರಿಸಿದ ಜಾಗಗಳು ಇದ್ದವು, ದನಿ ಏರಿಸಿ ಇಳಿಸಿದ ಗೆರೆಗಳೂ ಇದ್ದವು. ಹಾಡು ಮಾತ್ರ ಇರಲಿಲ್ಲ. ಫೈಲು ಸಿಗುತ್ತಿಲ್ಲ ಎಂದು ತಂತ್ರಾಂಶ ಸೌಜನ್ಯದಿಂದಲೇ ಕೇಳುತ್ತಿತ್ತು, ಎಲ್ಲಿ ಹುಡುಕಲಿ ಎಂದು. ನನ್ನಲ್ಲಿ ಉತ್ತರ ಇರಲಿಲ್ಲ. ಹುಡುಕಬೇಕಾದ ಜಾಗವನ್ನು ಹಿಂದಿನ ರಾತ್ರಿಯೇ ಅಳಿಸಿಯಾಗಿತ್ತು.

ತಪ್ಪು ತಂತ್ರಾಂಶದ್ದಲ್ಲ, ಆ ಹುಡುಗನದ್ದೂ ಅಲ್ಲ, ನನ್ನದು. 40 ನಿಮಿಷದ ಹಾಡು 200 ಕೆಬಿಯಲ್ಲಿ ಹೇಗೆ ಹಿಡಿಸೀತು ಎಂದು ಒಂದು ಸಲ ಕೇಳಿಕೊಂಡಿದ್ದರೆ ಸಾಕಿತ್ತು. ಆ ಲೆಕ್ಕ ಬಹಳ ಸುಲಭ. ನಾನು ಧ್ವನಿಮುದ್ರಣ ಮಾಡಿದ್ದು ಸೆಕೆಂಡಿಗೆ 48,000 ಮಾದರಿಗಳ ಲೆಕ್ಕದಲ್ಲಿ. ಒಂದೊಂದು ಮಾದರಿಗೆ 4 ಬೈಟು. ಅಂದರೆ ಸೆಕೆಂಡಿಗೆ 1,92,000 ಬೈಟು, ನಿಮಿಷಕ್ಕೆ ಸುಮಾರು ಹನ್ನೊಂದೂವರೆ ಎಂಬಿ. 40 ನಿಮಿಷಕ್ಕೆ 460 ಎಂಬಿ ಆಗಬೇಕು. ಪೆನ್‌ಡ್ರೈವಿಗೆ ನಾನು ಹಾಕಿಕೊಂಡದ್ದು ಅದರ ಎರಡು ಸಾವಿರದಲ್ಲೊಂದು ಪಾಲೂ ಇರಲಿಲ್ಲ.

ಹಾಗಾದರೆ ಆ ಚಿಕ್ಕ ಫೈಲಿನಲ್ಲಿ ಇದ್ದದ್ದಾದರೂ ಏನು? ಇದು ತಿಳಿದರೆ ಇವತ್ತಿನ ಮಾತಿನ ಅರ್ಧ ಭಾಗ ಮುಗಿದಂತೆ.

ಹಿಂದೆ ಸ್ಪೂಲ್ ಟೇಪಿನ ಕಾಲದಲ್ಲಿ ಹಾಡು ಇದ್ದದ್ದು ಟೇಪಿನಲ್ಲೇ. ಬೇಡದ ಕೆಮ್ಮನ್ನು ತೆಗೆಯಬೇಕೆಂದರೆ ಬ್ಲೇಡಿನಿಂದ ಟೇಪನ್ನೇ ಓರೆಯಾಗಿ ಕತ್ತರಿಸಿ, ಎರಡು ತುದಿಗಳನ್ನು ಅಂಟುಪಟ್ಟಿಯಿಂದ ಜೋಡಿಸುತ್ತಿದ್ದರು. ಕತ್ತರಿಸಿದ ತುಂಡು ಕಸದ ಬುಟ್ಟಿಗೆ. ಅದರಲ್ಲೊಂದು ಅಕ್ಷರ ಸೇರಿಹೋಗಿದ್ದರೆ ಬುಟ್ಟಿಯಲ್ಲೇ ಹುಡುಕಬೇಕು. ಈಗಿನ ತಂತ್ರಾಂಶಗಳು ಹಾಗೆ ಮಾಡುವುದಿಲ್ಲ. ನೀವು ಹಾಡಿದ್ದನ್ನು ಮುಟ್ಟದೆ ಒಂದು ಕಡೆ ಇಟ್ಟಿರುತ್ತವೆ. ನೀವು ಪರದೆಯ ಮೇಲೆ ಕತ್ತರಿಸಿದಾಗ ‘ಈ ಫೈಲಿನ ಇಷ್ಟನೇ ಸೆಕೆಂಡಿನಿಂದ ಇಷ್ಟನೇ ಸೆಕೆಂಡಿನವರೆಗೆ ನುಡಿಸು, ಆಮೇಲೆ ಅಲ್ಲಿಗೆ ಹಾರು’ ಎಂದು ಬರೆದಿಟ್ಟುಕೊಳ್ಳುತ್ತವೆ, ಅಷ್ಟೆ. ಹಾಗೆ ಬರೆದಿಟ್ಟುಕೊಂಡ ಚೀಟಿಯೇ ಸೆಷನ್ ಫೈಲು. ಇದರಿಂದ ದೊಡ್ಡ ಉಪಕಾರವಿದೆ. ಇವತ್ತು ಕತ್ತರಿಸಿದ್ದನ್ನು ಮುಂದಿನ ವರ್ಷ ಬೇಕಾದರೂ ಮರಳಿ ಎಳೆದುಕೊಳ್ಳಬಹುದು. ಆದರೆ ಅದೇ ಕಾರಣಕ್ಕೆ ಒಂದು ಅಪಾಯವೂ ಇದೆ. ಚೀಟಿ ಹಾಡಲ್ಲ, ಹಾಡಿನ ವಿಳಾಸ.

ನಮ್ಮಲ್ಲಿ ಬಾಡಿಗೆ ಮನೆಯವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಹನ್ನೊಂದು ತಿಂಗಳಿಗೊಮ್ಮೆ ಮನೆ ಬದಲಾಯಿಸುವವರು ನಾವು. ಸಾಮಾನೆಲ್ಲ ಹಳೆಯ ಮನೆಯಲ್ಲೇ ಬಿಟ್ಟು, ವಿಳಾಸದ ಚೀಟಿಯೊಂದನ್ನೇ ಟೆಂಪೋಗೆ ಹಾಕಿ ಕಳಿಸಿದರೆ ಹೇಗಿರುತ್ತದೆ? ನಾನು ಮಾಡಿದ್ದು ಅದನ್ನೇ.

ಈಗ ತಂತ್ರಾಂಶಕ್ಕೆ ಬರೋಣ. ಇಂಥ ತಂತ್ರಾಂಶಗಳಿಗೆ ಒಟ್ಟಾಗಿ ಡಿಜಿಟಲ್ ಆಡಿಯೋ ವರ್ಕ್‌ಸ್ಟೇಷನ್ ಎನ್ನುತ್ತಾರೆ. ಬಹಳಷ್ಟಿವೆ. ನಾನು ಉದಾಹರಣೆಗೆ ಒಂದನ್ನೇ ಹಿಡಿದುಕೊಳ್ಳುತ್ತೇನೆ. ಅದರ ಹೆಸರು ‘ಆರ್ಡರ್’. ಉಡುಪಿ ಹೋಟೆಲಿನಲ್ಲಿ ಮಾಣಿಗೆ ಕೊಡುವ ಆರ್ಡರ್ ಅಲ್ಲ, ಉಚ್ಚಾರ ಹತ್ತಿರ, ಅಷ್ಟೆ. ಇಂಗ್ಲಿಷಿನಲ್ಲಿ ಆ ಪದಕ್ಕೆ ಉತ್ಕಟ ಉತ್ಸಾಹ ಎಂದು ಅರ್ಥ. ಪಾಲ್ ಡೇವಿಸ್ ಎಂಬ ಪ್ರೋಗ್ರಾಮರ್ ಆರಂಭಿಸಿದ ಕೆಲಸವಿದು. ಅಮೆಜಾನ್ ಕಂಪನಿ ಶುರುವಾದ ಕಾಲದಲ್ಲಿ ಅಲ್ಲಿ ದುಡಿದವರು ಅವರು. ಇದು ಮುಕ್ತ ತಂತ್ರಾಂಶ. ಅಂದರೆ ಅದರ ಒಳಗಿನ ಬರವಣಿಗೆಯನ್ನು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ಹಂಚಬಹುದು. ಲಿನಕ್ಸ್, ಮ್ಯಾಕ್, ವಿಂಡೋಸ್ ಮೂರರಲ್ಲೂ ನಡೆಯುತ್ತದೆ. ಲಿನಕ್ಸ್ ಇದ್ದವರಿಗೆ ಸಾಮಾನ್ಯವಾಗಿ ತಮ್ಮ ವ್ಯವಸ್ಥೆಯ ಭಂಡಾರದಲ್ಲೇ ಉಚಿತವಾಗಿ ಸಿಗುತ್ತದೆ. ಅದನ್ನು ಮಾಡಿದವರ ತಾಣದಿಂದ ಸಿದ್ಧ ಪ್ರತಿ ಬೇಕೆಂದರೆ ಒಂದಿಷ್ಟು ಹಣ ಕೊಡಬೇಕು. ಅಲ್ಲೇ ಉಚಿತ ಮಾದರಿ ಪ್ರತಿಯೂ ಇದೆ, ಆದರೆ ಅದು 10 ನಿಮಿಷಕ್ಕೆ ಮೌನವಾಗಿಬಿಡುತ್ತದೆ. ಕಲಿಯಲು ಅದು ಸಾಕು. ಅಜ್ಜಿಯ ಮುಂದೆ ಕುಳಿತಾಗ ಅದನ್ನು ನಂಬಬೇಡಿ.

ಸರಿ, ತಂತ್ರಾಂಶ ಹಾಕಿಕೊಂಡಿರಿ. ಮೊದಲ ಸಲ ತೆರೆದಾಗ ಅದು ಒಂದೆರಡು ಪ್ರಶ್ನೆ ಕೇಳುತ್ತದೆ. ಅದರಲ್ಲಿ ಮುಖ್ಯವಾದದ್ದು, ನಿಮ್ಮ ಸೆಷನ್‌ಗಳನ್ನೆಲ್ಲ ಯಾವ ಫೋಲ್ಡರಿನಲ್ಲಿ ಇಡಲಿ ಎಂಬುದು. ‘ಮುಂದೆ, ಮುಂದೆ’ ಎಂದು ಒತ್ತುತ್ತಾ ಹೋಗಬೇಡಿ. ಒಂದು ಕ್ಷಣ ನಿಂತು, ಜಾಗ ಸಾಕಷ್ಟಿರುವ ಡಿಸ್ಕಿನಲ್ಲಿ ‘ಧ್ವನಿಮುದ್ರಣ’ ಎಂದೋ ಮತ್ತೇನೋ ಹೆಸರಿನ ಒಂದು ಫೋಲ್ಡರ್ ಮಾಡಿ, ಅದನ್ನು ತೋರಿಸಿ. ಮುಂದೊಂದು ದಿನ ‘ಹಾಡು ಎಲ್ಲಿದೆ’ ಎಂದು ಯಾರಾದರೂ ಕೇಳಿದರೆ ನಿಮ್ಮ ಬಳಿ ಉತ್ತರ ಇರಬೇಕು.

ಆಮೇಲೆ ಸೆಷನ್ನಿನ ಕಿಟಕಿ ಬರುತ್ತದೆ. ಹೊಸ ಸೆಷನ್ ಮಾಡುವಿರಾ, ಹಳೆಯದನ್ನು ತೆರೆಯುವಿರಾ ಎಂದು ಕೇಳುತ್ತದೆ. ಹೊಸದು ಎಂದರೆ ಒಂದು ಹೆಸರು ಕೊಡಬೇಕು. ನಮಗೆ ಬರುವ ಹತ್ತರಲ್ಲಿ ನಾಲ್ಕು ಸೆಷನ್‌ಗಳ ಹೆಸರು ‘ಟೆಸ್ಟ್’, ‘ಟೆಸ್ಟ್ ಒಂದು’, ‘ಹೊಸ ಟೆಸ್ಟ್’, ‘ಕೊನೆಯದು’, ‘ನಿಜವಾಗಿ ಕೊನೆಯದು’ ಎಂದು ಇರುತ್ತದೆ. ನಗಬೇಡಿ, ನನ್ನ ಡಿಸ್ಕಿನಲ್ಲೂ ಇವೆ. ದಿನಾಂಕ, ಹಾಡಿದವರ ಹೆಸರು, ಊರು, ಇಷ್ಟು ಸೇರಿಸಿ ಹೆಸರಿಡಿ. ಅಜ್ಜಿಯ ಹಾಡನ್ನು ‘ಟೆಸ್ಟ್’ ಎಂದು ಕರೆದರೆ, ಆರು ತಿಂಗಳ ಮೇಲೆ ಜಾಗ ಸಾಲದೆ ಅಳಿಸುವಾಗ ಮೊದಲು ಹೋಗುವುದು ಅದೇ.

ಹೆಸರು ಕೊಟ್ಟ ಮೇಲೆ ಧ್ವನಿ ಸಾಧನದ ಕಿಟಕಿ. ಇಲ್ಲಿ ಬಹಳ ಜನ ಹೆದರುತ್ತಾರೆ. ಹೆದರುವಂಥದ್ದೇನಿಲ್ಲ, ನಾಲ್ಕೇ ಸಂಗತಿ. ಮೊದಲನೆಯದು ಧ್ವನಿ ವ್ಯವಸ್ಥೆ. ಮ್ಯಾಕಿನಲ್ಲಿ ಕೋರ್ ಆಡಿಯೋ, ಲಿನಕ್ಸಿನಲ್ಲಿ ಅಲ್ಸಾ ಅಥವಾ ಜ್ಯಾಕ್, ವಿಂಡೋಸಿನಲ್ಲಿ ನಿಮ್ಮ ಸಾಧನಕ್ಕೆ ಆಸಿಯೋ ಇದ್ದರೆ ಅದು. ಎರಡನೆಯದು ಸಾಧನ. ನೀವು ಮೈಕು ಜೋಡಿಸಿರುವುದು ಯಾವುದಕ್ಕೋ ಅದನ್ನೇ ಆರಿಸಿ. ಲ್ಯಾಪ್‌ಟಾಪಿನ ಒಳಗಿನ ಮೈಕನ್ನು ಆರಿಸಿಬಿಟ್ಟು, ಹೊರಗಿನ ಒಳ್ಳೆಯ ಮೈಕಿನ ಮುಂದೆ ಒಂದು ಗಂಟೆ ಹಾಡಿದವರಿದ್ದಾರೆ. ಅನುಮಾನವಿದ್ದರೆ ಮೈಕಿನ ಮೇಲೆ ಬೆರಳಿನಿಂದ ಮೆಲ್ಲಗೆ ಉಜ್ಜಿ ನೋಡಿ. ಆ ಸದ್ದು ದೊಡ್ಡದಾಗಿ ಬಂದರೆ ಅದೇ ಮೈಕು.

ಮೂರನೆಯದು ಸ್ಯಾಂಪಲ್ ರೇಟ್. ಸೆಕೆಂಡಿಗೆ ಎಷ್ಟು ಸಲ ದನಿಯನ್ನು ಅಳೆಯಬೇಕು ಎಂಬ ಲೆಕ್ಕ. ಸಿಡಿಗೆ 44,100. ವಿಡಿಯೋ ಕೆಲಸದಲ್ಲಿ ಸಾಮಾನ್ಯವಾಗಿ 48,000. ಮಾತು, ಹಾಡಿಗೆ ಎರಡರಲ್ಲಿ ಯಾವುದಾದರೂ ಆದೀತು. ಒಂದನ್ನು ಆರಿಸಿಕೊಂಡು ಅದನ್ನೇ ಸದಾ ಇಟ್ಟುಕೊಳ್ಳಿ. ಯಾಕೆಂದು ಸ್ವಲ್ಪ ಹೊತ್ತಿನಲ್ಲಿ ಹೇಳುತ್ತೇನೆ.

ನಾಲ್ಕನೆಯದು ಬಫರ್. ನೀರು ಹಿಡಿಯುವ ಬಿಂದಿಗೆ ಎಂದುಕೊಳ್ಳಿ. ಕಂಪ್ಯೂಟರ್ ದನಿಯನ್ನು ಹನಿಹನಿಯಾಗಿ ತೆಗೆದುಕೊಳ್ಳುವುದಿಲ್ಲ, ಬಿಂದಿಗೆ ತುಂಬಿದ ಮೇಲೆ ಒಮ್ಮೆಗೇ ಎತ್ತಿಕೊಳ್ಳುತ್ತದೆ. ಬಿಂದಿಗೆ ಚಿಕ್ಕದಾದರೆ ಮೇಲಿಂದ ಮೇಲೆ ಓಡಾಡಬೇಕು. ಕಂಪ್ಯೂಟರಿಗೆ ಸುಸ್ತಾಗಿ ನಡುವೆ ಚಟಪಟ ಸದ್ದು ಬರುತ್ತದೆ. ದೊಡ್ಡದಾದರೆ ಆರಾಮ, ಆದರೆ ಹಾಡಿದ್ದು ಕಿವಿಗೆ ತಡವಾಗಿ ಬರುತ್ತದೆ. 48,000ದ ಲೆಕ್ಕದಲ್ಲಿ 256ರ ಬಫರ್ ತುಂಬಲು ಸುಮಾರು 5 ಮಿಲಿಸೆಕೆಂಡು, 1024ರದ್ದು ತುಂಬಲು ಸುಮಾರು 21 ಮಿಲಿಸೆಕೆಂಡು ಬೇಕು. ಹಿಂದೆ ತಂಬೂರಿ ಕೇಳಿಕೊಂಡು, ತಮ್ಮ ದನಿಯನ್ನೂ ಹೆಡ್‌ಫೋನಿನಲ್ಲಿ ಕೇಳುತ್ತಾ ಹಾಡುವವರಿಗೆ ಚಿಕ್ಕ ಬಫರ್ ಬೇಕು. ಅಜ್ಜಿಗೆ ಹೆಡ್‌ಫೋನೇ ಬೇಡ. ಅವರಿಗೆ 1024 ಇಡಿ. ತಡವಾದದ್ದು ಯಾರಿಗೂ ತಿಳಿಯುವುದಿಲ್ಲ, ಚಟಪಟ ಸದ್ದೂ ಬರುವುದಿಲ್ಲ.

ಇಷ್ಟಾಗಿ ‘ಸ್ಟಾರ್ಟ್’ ಒತ್ತಿದಾಗ ಸಾಧನ ತೆರೆಯಲಾಗಲಿಲ್ಲ ಎಂದು ಬಂದರೆ, ಮೊದಲು ನೋಡಬೇಕಾದದ್ದು ಬೇರೆ ಯಾವ ಕಿಟಕಿಯಲ್ಲಾದರೂ ಹಾಡು ಓಡುತ್ತಿದೆಯೇ ಎಂದು. ಲಿನಕ್ಸಿನ ಅಲ್ಸಾದಲ್ಲಂತೂ ಧ್ವನಿ ಸಾಧನವನ್ನು ಒಬ್ಬರು ಹಿಡಿದುಕೊಂಡರೆ ಇನ್ನೊಬ್ಬರಿಗೆ ಸಿಗದಿರುವುದುಂಟು. ಮಕ್ಕಳು ಬಿಟ್ಟುಹೋದ ಯೂಟ್ಯೂಬ್ ಕಿಟಕಿ ಮುಚ್ಚಿ, ಮತ್ತೆ ಒತ್ತಿ. ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಸೆಷನ್ ತೆರೆದುಕೊಂಡಿತು. ಬರಿದಾಗಿ ಕಾಣುತ್ತದೆ, ‘ಮಾಸ್ಟರ್’ ಎಂಬ ಒಂದು ಸಾಲು ಬಿಟ್ಟು ಏನೂ ಇರುವುದಿಲ್ಲ. ನೀವು ಟ್ರ್ಯಾಕ್ ಸೇರಿಸಬೇಕು. ಒಂದೇ ಮೈಕಾದರೆ ಒಂದು ಮಾನೋ ಟ್ರ್ಯಾಕ್ ಸಾಕು. ಅದಕ್ಕೂ ಹೆಸರು ಕೊಡಿ, ಯಾಕೆಂದರೆ ಧ್ವನಿ ಫೈಲುಗಳಿಗೆ ಬರುವುದು ಟ್ರ್ಯಾಕಿನ ಹೆಸರೇ. ‘ಆಡಿಯೋ ಒಂದು’ ಎಂಬ ಹೆಸರಿನ ನೂರು ಫೈಲುಗಳ ನಡುವೆ ಅಜ್ಜಿಯನ್ನು ಹುಡುಕುವುದು ಕುರ್ಲಾ ಸ್ಟೇಷನ್ನಿನಲ್ಲಿ ಸಂಜೆ ಆರಕ್ಕೆ ನೆಂಟರನ್ನು ಹುಡುಕಿದಂತೆ.

ಈಗ ಒಂದು ನಿಮಿಷ ತಂತ್ರಾಂಶದಿಂದ ಹೊರಗೆ ಬಂದು ಆ ಸೆಷನ್ನಿನ ಫೋಲ್ಡರನ್ನು ತೆರೆದು ನೋಡಿ. ದಯವಿಟ್ಟು ಇದನ್ನು ಒಂದು ಸಲವಾದರೂ ಮಾಡಿ. ಒಳಗೆ ಸೆಷನ್ನಿನ ಹೆಸರಿನದ್ದೇ ಒಂದು ಫೈಲು ಕಾಣುತ್ತದೆ, ಅದರ ಬಾಲದಲ್ಲಿ ಆರ್ಡರ್ ಎಂದಿರುತ್ತದೆ. ಅದೇ ನಾನು ಹೇಳಿದ ಚೀಟಿ. ಅದನ್ನು ಸಾದಾ ಬರಹದ ತಂತ್ರಾಂಶದಲ್ಲಿ ತೆರೆದರೆ ಬರೀ ಅಕ್ಷರಗಳೇ, ದನಿಯ ಒಂದು ಹನಿಯೂ ಇಲ್ಲ. ಅದರ ಪಕ್ಕದಲ್ಲಿ ‘ಇಂಟರ್‌ಚೇಂಜ್’ ಎಂಬ ಫೋಲ್ಡರ್. ಅದರ ಒಳಗೆ ಸೆಷನ್ನಿನ ಹೆಸರಿನ ಇನ್ನೊಂದು ಫೋಲ್ಡರ್, ಅದರ ಒಳಗೆ ‘ಆಡಿಯೋಫೈಲ್ಸ್’. ಹಾಡು ಇರುವುದು ಅಲ್ಲಿ. ನಮ್ಮ ಹಳೆಯ ಮನೆಗಳಲ್ಲಿ ಪಡಸಾಲೆ, ನಡುಮನೆ ದಾಟಿ ದೇವರ ಕೋಣೆಗೆ ಹೋಗುತ್ತಿದ್ದೆವಲ್ಲ, ಹಾಗೆ ಮೂರು ಬಾಗಿಲು ದಾಟಿ ಒಳಗೆ. ‘ಪೀಕ್ಸ್’ ಎಂಬ ಫೋಲ್ಡರಿನಲ್ಲಿ ಇರುವುದು ಪರದೆಯ ಮೇಲೆ ಅಲೆಗಳನ್ನು ಬೇಗ ಬಿಡಿಸಲು ಬೇಕಾದ ಲೆಕ್ಕ ಮಾತ್ರ. ‘ಎಕ್ಸ್‌ಪೋರ್ಟ್’ನಲ್ಲಿ ನೀವು ಸಿದ್ಧಪಡಿಸಿದ ಕೊನೆಯ ಪ್ರತಿ. ‘ಡೆಡ್’ ಎಂಬುದು ಬಳಸದ ಧ್ವನಿಗಳನ್ನು ಗುಡಿಸಿ ಹಾಕುವ ಮೂಲೆ. ಅದನ್ನು ಖಾಲಿ ಮಾಡುವ ಮುನ್ನ ಎರಡು ಸಲ ಯೋಚಿಸಿ.

ಈ ಫೋಲ್ಡರಿನ ಒಳಗಿನ ಯಾವುದಕ್ಕೂ ಹೊರಗಿನಿಂದ ಹೆಸರು ಬದಲಿಸಬೇಡಿ, ಜಾಗ ಬದಲಿಸಬೇಡಿ. ಚೀಟಿಯಲ್ಲಿರುವ ವಿಳಾಸ ತಪ್ಪುತ್ತದೆ. ಹೆಸರು ಬದಲಿಸಲೇಬೇಕೆಂದರೆ ತಂತ್ರಾಂಶದ ಸೆಷನ್ ಮೆನುವಿನಲ್ಲೇ ಅದಕ್ಕೆ ಅವಕಾಶವಿದೆ.

ಇನ್ನು ಹಳೆಯ ಸೆಷನ್ ತೆರೆಯುವ ವಿಷಯ. ಇತ್ತೀಚೆಗೆ ತೆರೆದವುಗಳ ಪಟ್ಟಿ ಅಲ್ಲೇ ಕಾಣುತ್ತದೆ, ಆರಿಸಿದರೆ ಸಾಕು. ಬೇರೆಯವರಿಂದ ಬಂದದ್ದಾದರೆ ಫೋಲ್ಡರಿಗೆ ಹೋಗಿ ಆ ಚೀಟಿಯ ಫೈಲನ್ನು ತೋರಿಸಬೇಕು. ಹಾಗೆ ತೆರೆಯುವಾಗ ಮೂರು ಬಗೆಯ ಎಚ್ಚರಿಕೆ ಬರಬಹುದು. ಮೂರನ್ನೂ ಓದಿ ಉತ್ತರಿಸಬೇಕು, ಓದದೆ ಒತ್ತಬಾರದು.

ಮೊದಲನೆಯದು ಸ್ಯಾಂಪಲ್ ರೇಟ್ ಹೊಂದುತ್ತಿಲ್ಲ ಎಂಬುದು. 48,000ದಲ್ಲಿ ಮಾಡಿದ್ದನ್ನು 44,100ರಲ್ಲಿ ಹಾಗೇ ನುಡಿಸಿದರೆ ಹಾಡು ನೂರಕ್ಕೆ ಎಂಟರಷ್ಟು ನಿಧಾನವಾಗುತ್ತದೆ, ಶ್ರುತಿ ಸುಮಾರು ಒಂದೂವರೆ ಮನೆ ಕೆಳಗಿಳಿಯುತ್ತದೆ. 40 ನಿಮಿಷದ್ದು ನಲವತ್ತಮೂರೂವರೆ ನಿಮಿಷವಾಗುತ್ತದೆ. ಅಜ್ಜಿಯ ದನಿ ಅಜ್ಜನ ದನಿಯ ಕಡೆಗೆ ವಾಲುತ್ತದೆ. ಹಾಡು ಗೊತ್ತಿಲ್ಲದವರಿಗೆ ತಪ್ಪೇ ತಿಳಿಯುವುದಿಲ್ಲ, ಅದೇ ಇದರ ಅಪಾಯ. ಆದ್ದರಿಂದ ಎಚ್ಚರಿಕೆ ಬಂದರೆ ಸಾಧನದ ಕಿಟಕಿಗೆ ಹಿಂತಿರುಗಿ ಸೆಷನ್ನಿನ ರೇಟನ್ನೇ ಇಡಿ.

ಎರಡನೆಯದು, ಕರೆಂಟು ಹೋದಾಗಲೋ ಕಂಪ್ಯೂಟರ್ ನಿಂತಾಗಲೋ ಬರುವಂಥದ್ದು. ಧ್ವನಿಮುದ್ರಣದ ನಡುವೆ ನಿಂತುಹೋದಂತಿದೆ, ಉಳಿದದ್ದನ್ನು ಮರಳಿ ಪಡೆಯಲೇ, ಬಿಟ್ಟುಬಿಡಲೇ ಎಂದು ಕೇಳುತ್ತದೆ. ಮರಳಿ ಪಡೆ ಎಂದೇ ಹೇಳಿ. ಬೇಡವಾದರೆ ಆಮೇಲೆ ಅಳಿಸಬಹುದು.

ಮೂರನೆಯದೇ ನಾನು ಕಂಡದ್ದು, ಫೈಲು ಸಿಗುತ್ತಿಲ್ಲ ಎಂಬುದು. ಇದು ಬಂದಾಗ ಗಾಬರಿ ಬೇಡ. ಎಷ್ಟೋ ಸಲ ಹೊರಗಿನ ಡಿಸ್ಕ್ ಜೋಡಿಸಲು ಮರೆತಿರುತ್ತೇವೆ, ಅಷ್ಟೆ. ಜೋಡಿಸಿ, ಆ ಫೋಲ್ಡರನ್ನು ತೋರಿಸಿದರೆ ತಂತ್ರಾಂಶ ಹುಡುಕಿಕೊಳ್ಳುತ್ತದೆ. ಸಿಗದಿದ್ದರೆ ತೆರೆಯುವುದನ್ನು ಅಲ್ಲಿಗೇ ನಿಲ್ಲಿಸಿ. ‘ಇರಲಿ ಬಿಡು, ಮುಂದೆ ಹೋಗು’ ಎಂದು ಒತ್ತಿದರೆ ಹಾಡಿನ ಜಾಗದಲ್ಲಿ ಮೌನ ತುಂಬಿಕೊಂಡು ಸೆಷನ್ ತೆರೆಯುತ್ತದೆ. ಆ ಸ್ಥಿತಿಯಲ್ಲಿ ಸೇವ್ ಮಾತ್ರ ಮಾಡಬೇಡಿ. ಹಾಡು ಮುಂದೆ ಸಿಕ್ಕರೂ ವಿಳಾಸ ಕೆಟ್ಟಿರಬಹುದು.

ಈ ಮೂರನೆಯ ಎಚ್ಚರಿಕೆ ಬಾರದಂತೆ ನೋಡಿಕೊಳ್ಳುವುದು ಹೇಗೆ? ಒಂದು, ಒಯ್ಯುವಾಗ ಇಡೀ ಫೋಲ್ಡರನ್ನು ಒಯ್ಯಿರಿ, ಒಳಗಿನ ಒಂದು ಫೈಲನ್ನಲ್ಲ. ಆರ್ಡರ್‌ನಲ್ಲಿ ‘ಆರ್ಕೈವ್’ ಎಂಬ ಸೌಲಭ್ಯವಿದೆ. ಅದು ಎಲ್ಲವನ್ನೂ ಸೇರಿಸಿ ಕಟ್ಟಿದ ಒಂದೇ ಗಂಟು ಮಾಡಿಕೊಡುತ್ತದೆ. ಎರಡು, ಬೇರೆ ಕಡೆಯಿಂದ ಹಾಡನ್ನು ಸೆಷನ್ನಿಗೆ ತರುವಾಗ ‘ಸೆಷನ್ನಿಗೆ ಕಾಪಿ ಮಾಡು’ ಎಂಬ ಚೌಕಕ್ಕೆ ಗುರುತು ಇರಲಿ. ಇಲ್ಲದಿದ್ದರೆ ಹಾಡು ಪೆನ್‌ಡ್ರೈವಿನಲ್ಲೇ ಉಳಿದು ಸೆಷನ್ನಿಗೆ ಬರೀ ವಿಳಾಸ ಬರುತ್ತದೆ. ಪೆನ್‌ಡ್ರೈವ್ ಗೆಳೆಯರದ್ದು, ಸಂಜೆ ಅವರು ಒಯ್ಯುತ್ತಾರೆ, ಹಾಡೂ ಅವರ ಜೊತೆ ಹೋಗುತ್ತದೆ. ಮೂರು, ‘ಸ್ನ್ಯಾಪ್‌ಶಾಟ್’ ಎಂದರೆ ಬ್ಯಾಕಪ್ ಎಂದು ತಿಳಿಯಬೇಡಿ. ಅದು ಅದೇ ಫೋಲ್ಡರಿನಲ್ಲಿ ಇನ್ನೊಂದು ಚೀಟಿ, ಅಷ್ಟೆ. ಹತ್ತು ಚೀಟಿಯಿದ್ದರೂ ಹಾಡು ಒಂದೇ. ನಾಲ್ಕು, ಕಾಪಿ ಆದ ಮೇಲೆ ಗಾತ್ರ ನೋಡಿ. ನಿಮಿಷಕ್ಕೆ ಹನ್ನೊಂದೂವರೆ ಎಂಬಿ ಎಂಬ ಲೆಕ್ಕ ನೆನಪಿರಲಿ. ಐದು, ಒಯ್ದ ಕಡೆ ತೆರೆದು, ನುಡಿಸಿ, ಕಿವಿಯಿಂದ ಕೇಳಿದ ಮೇಲೆಯೇ ಮೂಲವನ್ನು ಅಳಿಸುವ ಮಾತು. ನನ್ನನ್ನು ಕೇಳಿದರೆ ಆಗಲೂ ಅಳಿಸಬೇಡಿ.

ಬೇರೆ ತಂತ್ರಾಂಶ ಬಳಸುವವರಿಗೂ ಮಾತು ಇದೇ. ದೊಡ್ಡ ಸ್ಟುಡಿಯೋಗಳ ಪ್ರೋ ಟೂಲ್ಸ್‌ನಲ್ಲೂ ಸೆಷನ್ ಫೈಲು ಬೇರೆ, ‘ಆಡಿಯೋ ಫೈಲ್ಸ್’ ಎಂಬ ಫೋಲ್ಡರು ಬೇರೆ. ರೀಪರ್‌ನ ಪ್ರಾಜೆಕ್ಟ್ ಫೈಲೂ ಬರೀ ಅಕ್ಷರಗಳ ಚೀಟಿಯೇ. ಬಹಳ ಜನ ಬಳಸುವ ಆಡಾಸಿಟಿಯಲ್ಲಿ ಹಿಂದೆ ಒಂದು ಫೈಲು ಮತ್ತು ‘ಡೇಟಾ’ ಎಂದು ಮುಗಿಯುವ ಒಂದು ಫೋಲ್ಡರು ಇರುತ್ತಿದ್ದವು. 2021ರಲ್ಲಿ ಬಂದ ಮೂರನೆಯ ಆವೃತ್ತಿಯಿಂದ ಎಲ್ಲವನ್ನೂ ಒಂದೇ ಫೈಲಿನಲ್ಲಿ ಇಡುತ್ತಾರೆ. ಹಳೆಯ ಆಡಾಸಿಟಿಯಲ್ಲಿ ಮಾಡಿದ್ದು ನಿಮ್ಮ ಬಳಿ ಇದ್ದರೆ ಆ ಫೋಲ್ಡರನ್ನು ಕಳೆಯಬೇಡಿ.

ಕೊನೆಯದಾಗಿ ಒಂದು ಮಾತು. ಕೆಲಸ ಮುಗಿದ ದಿನವೇ ಹಾಡನ್ನು ಸಾದಾ ವೇವ್ ಫೈಲಾಗಿ ಎಕ್ಸ್‌ಪೋರ್ಟ್ ಮಾಡಿ ಬೇರೊಂದು ಡಿಸ್ಕಿನಲ್ಲಿ ಇಡಿ. ಸೆಷನ್ ತೆರೆಯಲು ಆ ತಂತ್ರಾಂಶವೇ ಬೇಕು, ವೇವ್ ಫೈಲು ತೆರೆಯಲು ಯಾವುದಾದರೂ ಸಾಕು. ನಾಳೆ ನಿಮ್ಮ ಮೊಮ್ಮಕ್ಕಳಿಗೆ ಆರ್ಡರ್ ಎಂದರೇನೆಂದು ತಿಳಿದಿರಲಿಕ್ಕಿಲ್ಲ. ಮುತ್ತಜ್ಜಿಯ ದನಿ ಕೇಳಬೇಕೆಂದು ಅವರಿಗೆ ಅನ್ನಿಸೀತು.

ಆ ಧಾರವಾಡದ ಅಜ್ಜಿಯ ಕಥೆ ಅರ್ಧಕ್ಕೆ ಬಿಟ್ಟಿದ್ದೆ. ಎರಡು ವಾರ ಕಳೆದು ಧೈರ್ಯ ಮಾಡಿ ಮತ್ತೆ ಹೋದೆ. ನಡೆದದ್ದನ್ನು ಮುಚ್ಚಿಡದೆ ಹೇಳಿದೆ. ಅವರು ಬೈಯಲಿಲ್ಲ. ಇನ್ನೊಮ್ಮೆ ಹಾಡುತ್ತೇನೆ ಕೂಡು ಎಂದರು. ಐದು ಪದ ಬಂದವು. ಉಳಿದ ಮೂರು ಬರಲಿಲ್ಲ. ಒಂದೆರಡು ಸಾಲು ಹೇಳಿ ನಿಲ್ಲಿಸುತ್ತಿದ್ದರು, ಮತ್ತೆ ಮೊದಲಿನಿಂದ ಹಿಡಿಯುತ್ತಿದ್ದರು. ಕಡೆಗೆ, “ಅವತ್ತ ಬಂದದ್ದು ಇವತ್ತ ಬರೂದಿಲ್ಲೋ ತಮ್ಮಾ. ಬೀಸೂ ಕಲ್ಲ ಇಲ್ಲ, ಪದ ಎಲ್ಲಿಂದ ಬರಬೇಕು?” ಎಂದರು. ಮೈಕು ಚಾಲೂ ಇತ್ತು. ಆ ಮಾತೂ ದಾಖಲಾಗಿದೆ.

ಆ ಐದು ಪದಗಳು ಈಗ ಮೂರು ಡಿಸ್ಕುಗಳಲ್ಲಿವೆ, ಒಂದು ಪ್ರತಿ ಅವರ ಮೊಮ್ಮಗನ ಬಳಿ ಇದೆ. ಉಳಿದ ಮೂರು ಪದಗಳು ಈಗ ಎಲ್ಲೂ ಇಲ್ಲ. ಅವುಗಳ ಚೀಟಿ ಮಾತ್ರ ನನ್ನ ಹತ್ತಿರ ಇದೆ, ಆ 200 ಕೆಬಿಯದು. ಒಂದೊಂದು ಪದ ಎಷ್ಟನೇ ನಿಮಿಷಕ್ಕೆ ಶುರುವಾಯಿತು, ಎಲ್ಲಿ ಮುಗಿಯಿತು, ಎಲ್ಲಿ ಅಜ್ಜಿ ಉಸಿರು ತೆಗೆದುಕೊಂಡಾಗ ನಾನು ಕತ್ತರಿಸಿದೆ ಎಂಬುದೆಲ್ಲ ಅದರಲ್ಲಿ ಸರಿಯಾಗಿ ಬರೆದಿದೆ.

ನಿಮ್ಮ ಮನೆಯಲ್ಲೂ ಹಾಡು ಬಲ್ಲವರು, ಕಥೆ ಬಲ್ಲವರು ಇರುತ್ತಾರೆ. ಊರು ಬಿಟ್ಟು ಬಂದ ನಮ್ಮಂಥವರ ಮನೆಗಳಲ್ಲಿ ಆ ಕನ್ನಡ ಕೇಳಿಸುವುದು ಅವರ ಬಾಯಲ್ಲಿ ಮಾತ್ರ. ಈ ಭಾನುವಾರ ಅವರ ಮುಂದೆ ಕುಳಿತುಕೊಳ್ಳಿ. ಮೈಕು ದೊಡ್ಡದೇ ಆಗಬೇಕೆಂದಿಲ್ಲ. ಸೆಷನ್ನಿಗೊಂದು ಒಳ್ಳೆಯ ಹೆಸರಿಡಿ, ಎಲ್ಲಿಟ್ಟಿದ್ದೀರಿ ಎಂದು ಮನೆಯ ಇನ್ನೊಬ್ಬರಿಗೂ ತಿಳಿಸಿ. ನಮಗೆ ಕಳಿಸುವಾಗ ಇಡೀ ಫೋಲ್ಡರನ್ನು ಕಳಿಸಿ, ಜೊತೆಗೊಂದು ವೇವ್ ಪ್ರತಿಯೂ ಇರಲಿ. ನಾವು ತೆರೆದು ಕೇಳುತ್ತೇವೆ, ಎಲ್ಲರಿಗೂ ಕೇಳಿಸುತ್ತೇವೆ.